ಸೋಪಿನ ತಪ್ಪೆಷ್ಟು, ನೊರೆಯ ತಪ್ಪೆಷ್ಟು: ಒಂದು ಕತ್ತಿನ ಉರಿಯ ಪ್ರಕರಣ

ಮೂವತ್ತೈದರ ಆಸುಪಾಸಿನ ಗೆಳೆಯ. ದಟ್ಟ ಗಡ್ಡ, ಒರಟು ಕೂದಲು, ಕೆಲಸದ ಕಾರಣಕ್ಕೆ ದಿನವೂ ನುಣ್ಣಗೆ ಕ್ಷೌರ ಮಾಡಿಕೊಳ್ಳಲೇಬೇಕಾದವನು. ಕ್ಷೌರ ಮುಗಿದ ಮೇಲೆ ಕತ್ತು ಉರಿಯುತ್ತದೆ, ಕೆಂಪಾಗುತ್ತದೆ, ತುರಿಸುತ್ತದೆ ಎಂಬುದು ಅವನ ದೂರು. ಪರಿಹಾರವೆಂದು ಅವನು ಮಾಡುತ್ತ ಬಂದದ್ದು ಒಂದೇ ಕೆಲಸ: ಸೋಪು ಬದಲಿಸುವುದು. ಸ್ನಾನದ ಮನೆಯ ಕಪಾಟಿನಲ್ಲಿ ಅರ್ಧ ಮುಗಿದ ಡಬ್ಬಿಗಳು, ಬಿಲ್ಲೆಗಳು, ಟ್ಯೂಬುಗಳು, ಒತ್ತಿದರೆ ನೊರೆ ಬರುವ ಒಂದು ಕ್ಯಾನು ಸಾಲಾಗಿ ನಿಂತಿದ್ದವು. ಹೆಚ್ಚಿನವುಗಳ ಮೇಲೆ ‘ಸೂಕ್ಷ್ಮ ಚರ್ಮಕ್ಕೆ ಸೂಕ್ತ’ ಎಂಬ ಅರ್ಥದ ಮಾತು ದೊಡ್ಡ ಅಕ್ಷರದಲ್ಲಿತ್ತು. ಕೆಲವು ಮೊದಲ ದಿನವೇ ಉರಿಸಿದ್ದವು. ಕೆಲವು ಕೆಲಕಾಲ ಚೆನ್ನಾಗಿದ್ದು ಆಮೇಲೆ ಕೈಕೊಟ್ಟಿದ್ದವು. ತನ್ನ ಚರ್ಮವೇ ಸರಿಯಿಲ್ಲ, ಅದಕ್ಕೆ ಯಾವ ಸೋಪೂ ಒಗ್ಗುವುದಿಲ್ಲ ಎಂಬ ತೀರ್ಮಾನಕ್ಕೆ ಅವನು ಬಂದಾಗಿತ್ತು.

ಸೋಪು ಕುದಿಸಿ ಅಚ್ಚು ಹಾಕುವ ಹವ್ಯಾಸ ನನಗಿದೆ. ಹಾಗಾಗಿ ‘ನನಗೆ ಆಗಿಬರುವಂಥದ್ದೊಂದು ಮಾಡಿಕೊಡು’ ಎಂದು ಬಂದ. ಮಾಡಿಕೊಡುವುದೇನೂ ಕಷ್ಟವಿರಲಿಲ್ಲ. ಆದರೆ ಯಾವುದು ಆಗಿಬರುವುದಿಲ್ಲ ಎಂದು ಗೊತ್ತಿಲ್ಲದೆ ಮಾಡಿಕೊಟ್ಟಿದ್ದರೆ ಕಪಾಟಿನ ಸಾಲಿಗೆ ಮತ್ತೊಂದು ಡಬ್ಬಿ ಸೇರುತ್ತಿತ್ತು, ಅಷ್ಟೆ. ‘ಸೂಕ್ಷ್ಮ ಚರ್ಮ’ ಎಂಬ ಒಂದೇ ಮಾತಿನ ಅಡಿಯಲ್ಲಿ ಜನ ಹಲವು ಬೇರೆ ಬೇರೆ ತೊಂದರೆಗಳನ್ನು ತುಂಬಿಡುತ್ತಾರೆ. ಕ್ಷಾರ, ಒಣಗುವಿಕೆ, ಬ್ಲೇಡಿನ ತಿಕ್ಕಾಟಗಳಿಂದ ಆಗುವ ಕಿರಿಕಿರಿ ಒಂದು. ಯಾವುದೋ ಒಂದು ಘಟಕಾಂಶಕ್ಕೆ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬೀಳುವ ಅಲರ್ಜಿ ಇನ್ನೊಂದು. ಕತ್ತರಿಸಿದ ಗುಂಗುರು ಕೂದಲು ಬಾಗಿ ಚರ್ಮದೊಳಕ್ಕೇ ಚುಚ್ಚಿಕೊಂಡು ಏಳುವ ಗಂಟುಗಳು ಬೇರೆ, ಕೂದಲ ಬುಡಕ್ಕೆ ಬ್ಯಾಕ್ಟೀರಿಯಾ ಸೇರಿ ಆಗುವ ಕೀವುಗುಳ್ಳೆ ಬೇರೆ. ಇವುಗಳಲ್ಲಿ ಸೋಪು ಬದಲಿಸಿದರೆ ಪೂರ್ತಿ ವಾಸಿಯಾಗುವುದು ಅಲರ್ಜಿ ಮಾತ್ರ, ಅದೂ ಸರಿಯಾದ ಸೋಪಿಗೆ ಬದಲಿಸಿದರೆ. ಉಳಿದವುಗಳಿಗೆ ಸೋಪೊಂದನ್ನೇ ದೂರುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಯಾವಾಗ, ಎಲ್ಲಿ

ಎಷ್ಟು ಉರಿಯುತ್ತದೆ ಎಂದು ನಾನು ಕೇಳಲಿಲ್ಲ. ಯಾವಾಗ ಶುರುವಾಗುತ್ತದೆ, ಎಲ್ಲಿ ಶುರುವಾಗುತ್ತದೆ ಎಂದು ಕೇಳಿದೆ. ಅವನ ಬಳಿ ಉತ್ತರವಿರಲಿಲ್ಲ. ‘ಯಾವಾಗಲೂ, ಎಲ್ಲ ಕಡೆಯೂ’ ಎಂದ. ಆದ್ದರಿಂದ ಕೆಲ ದಿನ ಏನನ್ನೂ ಬದಲಿಸದೆ, ಬೆಳಿಗ್ಗೆ ಒಂದು, ರಾತ್ರಿ ಒಂದರಂತೆ ಒಂದೇ ಕಿಟಕಿಯ ಮುಂದೆ ಅಥವಾ ಒಂದೇ ದೀಪದ ಕೆಳಗೆ ನಿಂತು ಮೊಬೈಲಿನಲ್ಲಿ ಕತ್ತಿನ ಎರಡೂ ಬದಿಯ ಫೋಟೊ ತೆಗೆದಿಡಲು ಹೇಳಿದೆ. ಜೊತೆಗೆ ಉರಿ ಅಥವಾ ತುರಿಕೆ ಶುರುವಾದ ಹೊತ್ತನ್ನು ಬರೆದಿಡಬೇಕು.

ಫೋಟೊಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದೇ ಎಂದುಕೊಂಡಿದ್ದ ತೊಂದರೆ ಎರಡಾಗಿ ಒಡೆಯಿತು. ಗಂಟಲುಮಣಿಯ ಎರಡೂ ಪಕ್ಕ, ಕತ್ತಿನ ಕೆಳಭಾಗದಲ್ಲಿ, ಕ್ಷೌರ ನಡೆಯುತ್ತಿರುವಾಗಲೇ ಶುರುವಾಗುವ ಉರಿ ಮೊದಲನೆಯದು. ಚುಕ್ಕಿ ಚುಕ್ಕಿ ಕೆಂಪು, ಕೆಲವೆಡೆ ಸೂಜಿಮೊನೆಯಷ್ಟು ರಕ್ತ. ಮಧ್ಯಾಹ್ನದ ಹೊತ್ತಿಗೆ ಬಹುಪಾಲು ಶಾಂತ. ಎರಡನೆಯದು ಕಿವಿಯ ಬುಡದಿಂದ ದವಡೆಯ ಅಂಚಿನವರೆಗೆ ಹರಡಿದ್ದ, ಸ್ವಲ್ಪ ಹೊಟ್ಟು ಎದ್ದಂತಿದ್ದ ತೇಪೆ. ಅದರಲ್ಲಿ ಉರಿ ಕಡಿಮೆ, ತುರಿಕೆ ಹೆಚ್ಚು. ವಾರಾಂತ್ಯದಲ್ಲಿ ಕ್ಷೌರ ಬಿಟ್ಟರೆ ಮೊದಲನೆಯದು ತಕ್ಷಣ ಇಳಿಯುತ್ತಿತ್ತು, ಎರಡನೆಯದು ಇಳಿಯುತ್ತಿರಲಿಲ್ಲ. ಕೆಲವೊಮ್ಮೆ ಬಿಟ್ಟ ಮರುದಿನವೇ ಹೆಚ್ಚಾಗುತ್ತಿತ್ತು.

ಇಡೀ ಪ್ರಕರಣದ ಕೀಲಿಕೈ ಎಂದು ನಾನು ಭಾವಿಸುವುದು ಒಂದು ಫೋಟೊವನ್ನು. ಬಲಗಿವಿಯ ಹಾಲೆಯ ಕೆಳಗೆ, ಕೂದಲೇ ಇಲ್ಲದ, ಆದ್ದರಿಂದ ಬ್ಲೇಡು ಯಾವತ್ತೂ ಹೋಗದ ಜಾಗದಲ್ಲಿ ಒಂದು ಕೆಂಪು ಅಂಚು ಇತ್ತು. ಅವನು ಬ್ರಷ್ಷನ್ನು ಗುಂಡಗೆ ತಿರುಗಿಸುತ್ತ ಹಚ್ಚುವುದರಿಂದ ನೊರೆ ಅಲ್ಲಿಯವರೆಗೂ ಹೋಗುತ್ತಿತ್ತು. ಬ್ಲೇಡು ಮುಟ್ಟದೆ ನೊರೆ ಮಾತ್ರ ಮುಟ್ಟಿದ ಜಾಗದಲ್ಲಿ ದದ್ದು ಎದ್ದರೆ ಅದಕ್ಕೆ ತಿಕ್ಕಾಟ ಕಾರಣವಾಗಲಾರದು. ಸಂಪರ್ಕದಿಂದ ಬರುವ ಚರ್ಮದ ಅಲರ್ಜಿ ನಿಧಾನ ಜಾತಿಯದು: ಮುಟ್ಟಿದ ಮೇಲೆ ಸಾಮಾನ್ಯವಾಗಿ 24ರಿಂದ 72 ಗಂಟೆ ಕಳೆದು ತಲೆಯೆತ್ತುತ್ತದೆ. ಶುಕ್ರವಾರದ ನೊರೆಗೆ ಭಾನುವಾರ ತುರಿಸಿದರೆ ಶುಕ್ರವಾರದ ಮೇಲೆ ಯಾರಿಗೆ ತಾನೆ ಅನುಮಾನ ಬರುತ್ತದೆ? ‘ಮೊದಲು ಚೆನ್ನಾಗಿದ್ದು ಆಮೇಲೆ ಕೈಕೊಟ್ಟ’ ಸೋಪುಗಳ ರಹಸ್ಯವೂ ಅದೇ ಇರಬಹುದು. ಅಲರ್ಜಿ ಹುಟ್ಟುವ ಮೊದಲು ದೇಹ ಆ ವಸ್ತುವನ್ನು ಗುರುತು ಹಚ್ಚಿಕೊಳ್ಳಲು ಸಮಯ ತೆಗೆದುಕೊಳ್ಳುತ್ತದೆ. ಗುರುತಾದ ಮೇಲೆ ಬಿಡುವುದಿಲ್ಲ.

ಉಳಿದ ಎರಡು ಸಾಧ್ಯತೆಗಳನ್ನು ಬೇಗ ಕೈಬಿಟ್ಟೆವು. ತುದಿಯಲ್ಲಿ ಕೀವು ತುಂಬಿದ ಗುಳ್ಳೆಗಳಿರಲಿಲ್ಲ. ಅವನದು ಒರಟು ಕೂದಲಾದರೂ ನೇರ. ಒಳಗೆ ಸುರುಳಿ ಸುತ್ತಿದ ಕೂದಲು ಭೂತಗನ್ನಡಿಯಲ್ಲಿ ನೋಡಿದರೂ ಸಿಗಲಿಲ್ಲ. ಮೊಡವೆಗೆಂದು ಸ್ಯಾಲಿಸಿಲಿಕ್ ಆಮ್ಲವಿದ್ದ ಫೇಸ್‌ವಾಷ್ ಬಳಸುತ್ತಿದ್ದುದು ಮಾತ್ರ ತಿಳಿಯಿತು. ಹೊರಪದರವನ್ನು ಸಡಿಲಿಸುವ ಅಂಥ ವಸ್ತುವನ್ನು ಕ್ಷೌರದ ಹೊತ್ತಿಗೇ ಹಚ್ಚುವುದು ಒಳ್ಳೆಯದಲ್ಲ. ಅದನ್ನು ಅಂದೇ ನಿಲ್ಲಿಸಿದ.

ಕಪಾಟಿನ ವಿಚಾರಣೆ

ಡಬ್ಬಿಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಹಿಂಬದಿಯ ಸಣ್ಣ ಅಕ್ಷರದ ಪಟ್ಟಿಯನ್ನು ಓದುತ್ತ ಕುಳಿತೆವು. ಮುಂಬದಿಯ ಬರಹಕ್ಕೆ ನಾನು ಬೆಲೆ ಕೊಡುವುದಿಲ್ಲ, ಅದಕ್ಕೊಂದು ಚರಿತ್ರೆಯೂ ಇದೆ. ‘ಹೈಪೋಅಲರ್ಜೆನಿಕ್’, ಅಂದರೆ ಅಲರ್ಜಿ ತರುವ ಸಾಧ್ಯತೆ ಕಡಿಮೆ, ಎಂದು ಬರೆದುಕೊಳ್ಳುವವರು ಪರೀಕ್ಷೆ ಮಾಡಿ ತೋರಿಸಬೇಕು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1975ರಲ್ಲಿ ನಿಯಮ ತಂದಿತು. ಪ್ರಸಾಧನ ಕಂಪನಿಗಳು ನ್ಯಾಯಾಲಯಕ್ಕೆ ಹೋದವು, 1977ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿಯಮವನ್ನು ರದ್ದುಪಡಿಸಿತು. ಅಲ್ಲಿ ಇಂದಿಗೂ ಆ ಪದಕ್ಕೆ ಕಾನೂನಿನ ವ್ಯಾಖ್ಯೆಯಿಲ್ಲ. ತಯಾರಕರು ಏನೆಂದುಕೊಂಡರೆ ಅದೇ ಅರ್ಥ. ‘ಸೂಕ್ಷ್ಮ ಚರ್ಮಕ್ಕೆ’ ಎಂಬ ಮಾತಿನ ಹಣೆಬರಹವೂ ಬೇರೆಯೇನಲ್ಲ. ಹಿಂಬದಿಯ ಪಟ್ಟಿ ಹಾಗಲ್ಲ. ಅದರಲ್ಲಿ ಹೆಸರುಗಳು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರುತ್ತವೆ, ಶೇ. 1ಕ್ಕಿಂತ ಕಡಿಮೆ ಇರುವವನ್ನು ಮಾತ್ರ ಕೊನೆಯಲ್ಲಿ ಹೇಗೆ ಬೇಕಾದರೂ ಜೋಡಿಸಬಹುದು.

ಮೊದಲು ಕೈಗೆ ಬಂದದ್ದು ಪಾರದರ್ಶಕ ಬಿಲ್ಲೆ. ಗ್ಲಿಸರಿನ್ ಇದೆ ಎಂದು ಮುಂದೆ ಬರೆದಿತ್ತು. ಹಿಂದೆ ನೋಡಿದರೆ ಮೊದಲ ಸ್ಥಾನದಲ್ಲೇ ತೆಂಗಿನೆಣ್ಣೆಯ ಸೋಡಿಯಂ ಸೋಪು, ಅಂದರೆ ಸೋಡಿಯಂ ಕೊಕೋಯೇಟ್. ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಹೇಳಲೇಬೇಕು. ಸೋಪೆಂದರೆ ಕೊಬ್ಬಿನಾಮ್ಲ ಮತ್ತು ಕ್ಷಾರ ಸೇರಿ ಆದ ಲವಣ. ಯಾವ ಕೊಬ್ಬಿನಾಮ್ಲ ಎಂಬುದರ ಮೇಲೆ ನೊರೆಯ ಗುಣ ನಿಂತಿದೆ. ತೆಂಗಿನೆಣ್ಣೆಯಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲದ ಸರಪಳಿಯಲ್ಲಿ 12 ಇಂಗಾಲದ ಕೊಂಡಿಗಳು. ಅದರ ಸೋಪು ಬೇಗ ಕರಗುತ್ತದೆ, ದೊಡ್ಡ ದೊಡ್ಡ ಗುಳ್ಳೆಗಳ ನೊರೆ ಕೊಡುತ್ತದೆ, ಜಿಡ್ಡು ತೆಗೆಯುವುದರಲ್ಲಿ ಜೋರು. ಚರ್ಮವನ್ನು ಕೆಣಕುವುದರಲ್ಲೂ ಕೊಬ್ಬಿನಾಮ್ಲಗಳ ಸೋಪುಗಳಲ್ಲಿ ಅದೇ ಮುಂದು. 18 ಕೊಂಡಿಗಳ ಸ್ಟಿಯರಿಕ್ ಆಮ್ಲದ್ದು, 16ರ ಪಾಲ್ಮಿಟಿಕ್ ಆಮ್ಲದ್ದು ನಿಧಾನಸ್ವಭಾವ: ನೊರೆ ಏಳಲು ತಡ, ಎದ್ದರೆ ಗಟ್ಟಿ, ಸಣ್ಣ ಗುಳ್ಳೆ, ಬೇಗ ಒಣಗದು, ಚರ್ಮದ ಮೇಲೂ ಸೌಮ್ಯ. ಹೀಗಾಗಿ ಒಳ್ಳೆಯ ಕ್ಷೌರದ ಸೋಪುಗಳ ಪಟ್ಟಿ ಸಾಮಾನ್ಯವಾಗಿ ಸ್ಟಿಯರಿಕ್ ಆಮ್ಲದಿಂದಲೋ ಪೊಟ್ಯಾಸಿಯಂ ಸ್ಟಿಯರೇಟ್‌ನಿಂದಲೋ ಆರಂಭವಾಗುತ್ತದೆ. ಪೊಟ್ಯಾಸಿಯಂ ಸೋಪು ಸೋಡಿಯಂ ಸೋಪಿಗಿಂತ ಮೆದು, ನೀರಿನಲ್ಲಿ ಬೇಗ ಬಿಚ್ಚಿಕೊಳ್ಳುತ್ತದೆ. ಬಿಲ್ಲೆ ಗಟ್ಟಿ ನಿಲ್ಲಲು ಒಂದಷ್ಟು ಸೋಡಿಯಂ ಬೆರೆಸುತ್ತಾರೆ. ತೆಂಗಿನೆಣ್ಣೆ ಸ್ವಲ್ಪವಿದ್ದರೆ ನೊರೆ ಬೇಗ ಏಳಲು ಸಹಾಯ, ಅದಕ್ಕೇನೂ ನನ್ನ ತಕರಾರಿಲ್ಲ. ಪಟ್ಟಿಯ ತಲೆಯ ಮೇಲೆ ಅದೇ ಕೂತಿದ್ದರೆ ಅದು ಮೈ ತೊಳೆಯುವ ಸೋಪು, ಡಬ್ಬಿಯ ಮೇಲೆ ರೇಜರಿನ ಚಿತ್ರವಿದ್ದರೂ.

ಎರಡನೆಯದು ಸುವಾಸನೆಯ ಡಬ್ಬಿ. ಲ್ಯಾವೆಂಡರ್, ಬರ್ಗಮಾಟ್, ಕಿತ್ತಳೆ ಸಿಪ್ಪೆಯ ತೈಲ. ‘ಶೇ. 100 ನೈಸರ್ಗಿಕ’ ಎಂಬ ಹೆಮ್ಮೆ ಬೇರೆ. ಗೆಳೆಯನ ಪ್ರೀತಿಯ ಸೋಪು ಇದು. ಉಳಿದವು ಕೈಕೊಟ್ಟಾಗಲೆಲ್ಲ ಇದಕ್ಕೇ ಮರಳುತ್ತಿದ್ದ. ಕೊಬ್ಬಿನ ಲೆಕ್ಕದಲ್ಲಿ ನೋಡಿದರೆ ಅದು ಅವನ ಬಳಿಯಿದ್ದವುಗಳಲ್ಲೇ ಉತ್ತಮ: ಸ್ಟಿಯರಿಕ್ ಆಮ್ಲ ಮೊದಲು, ಶಿಯಾ ಬೆಣ್ಣೆ, ಗ್ಲಿಸರಿನ್. ಪಟ್ಟಿಯ ಬಾಲದಲ್ಲಿ ಮಾತ್ರ ಲಿನಾಲೂಲ್, ಲಿಮೋನೀನ್, ಸಿಟ್ರಾಲ್, ಜೆರಾನಿಯಾಲ್, ಕೌಮರಿನ್ ಎಂಬ ಮೆರವಣಿಗೆ. ಇವು ಹೊರಗಿನಿಂದ ಸೇರಿಸಿದ ವಿಷಗಳಲ್ಲ, ಆ ಹೂವು ಸಿಪ್ಪೆಗಳ ಪರಿಮಳವೇ ಇವು. ಯುರೋಪ್ ಒಕ್ಕೂಟ ಅಲರ್ಜಿ ತರಬಲ್ಲ 26 ಪರಿಮಳ ವಸ್ತುಗಳ ಹೆಸರನ್ನು ಪಟ್ಟಿಯಲ್ಲಿ ಬಿಡಿಬಿಡಿಯಾಗಿ ಮುದ್ರಿಸಬೇಕೆಂಬ ನಿಯಮವನ್ನು 2005ರಿಂದ ಜಾರಿಗೆ ತಂದಿತು. 2023ರ ತಿದ್ದುಪಡಿಯಲ್ಲಿ ಆ ಹೆಸರುಗಳು 80ನ್ನು ದಾಟಿದವು. ತೊಳೆದುಹೋಗುವ ಉತ್ಪನ್ನದಲ್ಲಿ ಶೇ. 0.01 ಮೀರಿದರೆ, ಚರ್ಮದ ಮೇಲೆ ಉಳಿಯುವ ಉತ್ಪನ್ನದಲ್ಲಿ ಶೇ. 0.001 ಮೀರಿದರೆ ಹೆಸರು ಹಾಕಲೇಬೇಕು. ಆ ನಿಯಮಕ್ಕೆ ಒಳಪಡದ ಡಬ್ಬಿಗಳಲ್ಲಿ ಇಡೀ ಮೆರವಣಿಗೆ ‘ಪರ್ಫ್ಯೂಮ್’ ಎಂಬ ಒಂದೇ ಪದದೊಳಗೆ ಅಡಗಿ ಕೂತಿರಬಹುದು.

ಇನ್ನೊಂದು ಸೂಕ್ಷ್ಮವನ್ನು ಇಲ್ಲೇ ಹೇಳಿಬಿಡುತ್ತೇನೆ. ಶುದ್ಧ ಲಿನಾಲೂಲ್, ಶುದ್ಧ ಲಿಮೋನೀನ್ ಅಷ್ಟೇನೂ ತಂಟೆಕೋರರಲ್ಲ. ಗಾಳಿಯ ಆಮ್ಲಜನಕ ತಗುಲಿ ಅವು ಹೈಡ್ರೋಪೆರಾಕ್ಸೈಡ್‌ಗಳಾದಾಗ ಅಲರ್ಜಿ ತರುವ ಶಕ್ತಿ ಬಲಿಯುತ್ತದೆ. ಮುಚ್ಚಳ ಸಡಿಲವಾಗಿ ವರ್ಷಗಟ್ಟಲೆ ಕೂತ ಪರಿಮಳದ ಉತ್ಪನ್ನವನ್ನು ‘ಹಳೆಯದಾದಷ್ಟೂ ಸೌಮ್ಯ’ ಎಂದು ನಂಬುವವರಿದ್ದಾರೆ. ವಾಸ್ತವ ತದ್ವಿರುದ್ಧ.

ಮೆಂಥಾಲ್ ಟ್ಯೂಬಿಗೆ ಹೆಚ್ಚು ಹೊತ್ತು ಕೊಡಲಿಲ್ಲ. ಚರ್ಮದ ತಂಪು ಗ್ರಾಹಕವನ್ನು ಕೆಣಕಿ ತಂಪಿನ ಭ್ರಮೆ ಹುಟ್ಟಿಸುವ ವಸ್ತು ಅದು. ಉಷ್ಣತೆ ಒಂದು ಡಿಗ್ರಿಯೂ ಇಳಿಯುವುದಿಲ್ಲ. ಉರಿಯ ಮೂಲ ಹುಡುಕುತ್ತಿರುವವನಿಗೆ ಉರಿಯನ್ನು ಮರೆಮಾಚುವ ಸೋಪು ಕೆಲಸಕ್ಕೆ ಬಾರದು. ನೊರೆಯ ಕ್ಯಾನಿನ ಮೇಲೆ ‘ವಾಸನೆರಹಿತ’ ಎಂದಿತ್ತು, ಪಟ್ಟಿಯಲ್ಲಿ ಪರ್ಫ್ಯೂಮ್ ಇತ್ತು. ಇದು ಮುದ್ರಣದೋಷವಲ್ಲ: ಮೂಲವಸ್ತುಗಳ ಸಹಜ ವಾಸನೆಯನ್ನು ಮುಚ್ಚಲು ಸ್ವಲ್ಪ ಪರಿಮಳ ಹಾಕಿದರೂ ಕೊನೆಗೆ ಮೂಗಿಗೆ ಏನೂ ತಿಳಿಯದಿದ್ದರೆ ‘ವಾಸನೆರಹಿತ’ ಎನ್ನುವ ರೂಢಿಯಿದೆ. ‘ಪರಿಮಳ ಸೇರಿಸಿಲ್ಲ’ ಎಂಬುದು ಬೇರೆಯೇ ಮಾತು. ಪಟ್ಟಿ ನೋಡದೆ ಎರಡನ್ನೂ ನಂಬಬಾರದು.

‘ಪಿಎಚ್ ಸಮತೋಲಿತ ಸೋಪು’ ಎಂಬ ಒಂದು ಬಿಲ್ಲೆಯೂ ಇತ್ತು. ಚರ್ಮದ ಮೇಲ್ಮೈ ಆಮ್ಲೀಯ, ಪಿಎಚ್ ಸುಮಾರು 5. ಕ್ಷಾರದಿಂದ ಮಾಡಿದ ನಿಜವಾದ ಸೋಪಿನ ಪಿಎಚ್ 9ರಿಂದ 10. ಅದನ್ನು 5.5ಕ್ಕೆ ಇಳಿಸಿದರೆ ಸೋಪು ಒಡೆದು ಮತ್ತೆ ಕೊಬ್ಬಿನಾಮ್ಲವಾಗುತ್ತದೆ, ನೊರೆಯೇ ಬರುವುದಿಲ್ಲ. ಅಂಥ ಬಿಲ್ಲೆ ನಿಜಕ್ಕೂ 5.5ರಲ್ಲಿದ್ದರೆ ಅದು ಸೋಪಲ್ಲ, ಕೃತಕ ಮಾರ್ಜಕ. ಎಕ್ಸಿಮಾ ಇರುವವರಿಗೆ, ಕ್ಷಾರವನ್ನು ಒಂದಿಷ್ಟೂ ತಡೆಯದ ಚರ್ಮದವರಿಗೆ ಅದೇ ಒಳ್ಳೆಯ ದಾರಿ ಆಗಬಹುದು. ನನ್ನ ಗೆಳೆಯನ ಚರ್ಮ ಮೈಸೋಪನ್ನು ಕೈಕಾಲುಗಳ ಮೇಲೆ ಯಾವ ತಕರಾರೂ ಇಲ್ಲದೆ ತಾಳಿಕೊಳ್ಳುತ್ತಿತ್ತು. ಕ್ಷಾರವೊಂದೇ ಅವನ ಶತ್ರುವಾಗಿರುವ ಸಾಧ್ಯತೆ ಕಡಿಮೆ ಎನಿಸಿತು.

ನೊರೆ ಕಟ್ಟುವುದನ್ನು ನೋಡಿದಾಗ

ಪಟ್ಟಿ ಓದಿದ ಮೇಲೆ ಅವನು ಕ್ಷೌರ ಮಾಡಿಕೊಳ್ಳುವುದನ್ನು ಪಕ್ಕದಲ್ಲಿ ನಿಂತು ನೋಡಿದೆ. ಇನ್ನೊಬ್ಬರ ಕ್ಷೌರ ನೋಡುತ್ತ ನಿಲ್ಲುವುದು ಮುಜುಗರದ ಕೆಲಸವೇ. ಆದರೆ ಯಾವ ಪ್ರಶ್ನೋತ್ತರವೂ ತಿಳಿಸದ್ದು ಅಲ್ಲಿ ತಿಳಿಯಿತು.

ಮುಖಕ್ಕೆ ಒಂದು ಬೊಗಸೆ ನೀರು ಎರಚಿಕೊಂಡ. ಬ್ರಷ್ಷನ್ನು ಜೋರಾಗಿ ಕೊಡವಿ, ಬಹುತೇಕ ಒಣಗಿದ್ದಾಗಲೇ ಡಬ್ಬಿಗೆ ಒತ್ತಿದ. ಬಟ್ಟಲಿನಲ್ಲಿ ತಿರುಗಿಸಿದಾಗ ಎದ್ದದ್ದು ಹಿಟ್ಟಿನಂತೆ ದಪ್ಪನಾದ, ಹೊಳಪಿಲ್ಲದ ನೊರೆ. ಬ್ರಷ್ ಎತ್ತಿದರೆ ಚೂಪಾದ ಶಿಖರ ನಿಲ್ಲುತ್ತಿತ್ತು. ನೋಡಲು ಚೆಂದ, ಜಾರುಗುಣ ಮಾತ್ರ ಇಲ್ಲ. ಬೆರಳಿನ ನಡುವೆ ತಿಕ್ಕಿ ನೋಡಿದೆ, ಎರಡೇ ಉಜ್ಜಿಗೆ ಚರ್ಮಕ್ಕೆ ಚರ್ಮ ಹತ್ತಿಕೊಂಡಿತು. ನೀರು ಕಡಿಮೆಯಾದ ನೊರೆಯಲ್ಲಿ ಎರಡು ಕೇಡು: ಬ್ಲೇಡು ಜಾರುವ ಬದಲು ಎಳೆಯುತ್ತದೆ, ಚರ್ಮದ ಮೇಲೆ ಕೂರುವ ಸೋಪಿನ ಸಾಂದ್ರತೆಯೂ ಹೆಚ್ಚುತ್ತದೆ. ಕೂದಲಿನ ಕಡೆಯಿಂದಲೂ ನಷ್ಟವೇ. ನೆನೆದ ಕೂದಲು ತನ್ನ ತೂಕದ ಸುಮಾರು ಶೇ. 30ರಷ್ಟು ನೀರು ಹೀರಿ ಉಬ್ಬಿ ಮೆತ್ತಗಾಗುತ್ತದೆ, ಕತ್ತರಿಸಲು ಬೇಕಾದ ಬಲ ಗಣನೀಯವಾಗಿ ಇಳಿಯುತ್ತದೆ. ಅದಕ್ಕೆ ಬೆಚ್ಚಗಿನ ನೀರಿನಲ್ಲಿ ಎರಡು ಮೂರು ನಿಮಿಷ ಬೇಕು. ಒಂದು ಬೊಗಸೆ ಸಾಲದು.

ಬಟ್ಟಲಿನ ಒಳಗೋಡೆಯಲ್ಲಿ ಬೂದು ಬಣ್ಣದ, ಉಗುರಿನಿಂದ ಕೆರೆದರೆ ಮೇಣದಂತೆ ಏಳುವ ಒಂದು ಬಳೆ ಕಂಡಿತು. ಗಡುಸು ನೀರಿನ ಸಹಿ ಅದು. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಸ್ಟಿಯರೇಟನ್ನು ಹಿಡಿದು, ನೀರಿನಲ್ಲಿ ಕರಗದ ಜಿಗುಟು ಕಿಟ್ಟ ಮಾಡುತ್ತವೆ. ಅಷ್ಟು ಸೋಪು ನೊರೆಗೆ ಬಾರದೆ ವ್ಯರ್ಥವಾಗುವುದು ಒಂದಾದರೆ, ಕಿಟ್ಟ ಬಟ್ಟಲಿಗೆ ಹತ್ತುವ ಹಾಗೆ ಚರ್ಮಕ್ಕೂ ಹತ್ತಿ, ತೊಳೆದರೂ ಪೂರ್ತಿ ಹೋಗದೆ ಬಿಗಿತ, ತುರಿಕೆ ತರುವುದು ಇನ್ನೊಂದು. ಗಡುಸುತನವನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಅಳೆಯುತ್ತಾರೆ: ಲೀಟರಿಗೆ 120 ಮಿಲಿಗ್ರಾಂ ದಾಟಿದರೆ ಗಡುಸು, 180 ದಾಟಿದರೆ ಅತಿ ಗಡುಸು. ಪರೀಕ್ಷೆಯ ಕಾಗದದ ಪಟ್ಟಿ ಅದ್ದಿ ನೋಡಿದಾಗ ಅವನ ನಲ್ಲಿಯ ನೀರು ಎರಡನೆಯ ಗುಂಪಿಗೆ ಸೇರಿತು. ಕುದಿಸಿದರೆ ಬೈಕಾರ್ಬೊನೇಟಿನಿಂದ ಬಂದ ತಾತ್ಕಾಲಿಕ ಗಡುಸುತನ ಹೋಗುತ್ತದೆ, ಸಲ್ಫೇಟು ಕ್ಲೋರೈಡುಗಳದ್ದು ಹೋಗುವುದಿಲ್ಲ. ಕೆಲವು ಸೋಪುಗಳಲ್ಲಿ ಇಡಿಟಿಎ ಎಂಬ ಲವಣ ಸೇರಿಸಿರುತ್ತಾರೆ; ಅದರ ಕೆಲಸವೇ ಈ ಲೋಹಗಳನ್ನು ಕಟ್ಟಿಹಾಕುವುದು.

ಇನ್ನು ರೇಜರಿನ ಕೈಚಳಕ. ಕೆನ್ನೆಯ ಮೇಲೆ ಮೇಲಿನಿಂದ ಕೆಳಕ್ಕೆ ಎಳೆದವನು ಕತ್ತಿಗೆ ಬಂದಾಗ ಕೆಳಗಿನಿಂದ ಮೇಲಕ್ಕೆ, ಅದೂ ಒತ್ತಿ, ಅದೂ ನೊರೆ ಹೋದ ಜಾಗದಲ್ಲೇ ಮತ್ತೆ ಮತ್ತೆ. ಕತ್ತಿನ ಕೂದಲು ಎಲ್ಲ ಕಡೆ ಕೆಳಮುಖವಾಗಿ ಬೆಳೆಯುವುದಿಲ್ಲ. ಕ್ಷೌರ ಬಿಟ್ಟ ಎರಡನೇ ದಿನ ಬೆರಳಾಡಿಸಿ, ಯಾವ ದಿಕ್ಕಿಗೆ ನುಣುಪು, ಯಾವ ದಿಕ್ಕಿಗೆ ಒರಟು ಎಂದು ಗುರುತು ಮಾಡಿದಾಗ ಅವನ ಎಡಗತ್ತಿನಲ್ಲಿ ಕೂದಲು ಅಡ್ಡಕ್ಕೆ ಕಿವಿಯ ಕಡೆ ಮಲಗಿತ್ತು, ಬಲಗತ್ತಿನಲ್ಲಿ ಒಂದು ಸುಳಿಯೇ ಇತ್ತು. ಉರಿಯ ಫೋಟೊಗಳನ್ನು ಈ ನಕ್ಷೆಯ ಪಕ್ಕ ಇಟ್ಟಾಗ ರಕ್ತದ ಚುಕ್ಕಿಗಳು ಸುಳಿಯ ಮೇಲೆಯೇ ಬಿದ್ದಿದ್ದವು.

ಪರೀಕ್ಷೆ

ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಉರಿ ಹೋಗುತ್ತಿತ್ತೇನೋ, ಯಾವುದರಿಂದ ಹೋಯಿತು ಎಂದು ತಿಳಿಯುತ್ತಿರಲಿಲ್ಲ. ಹಾಗಾಗಿ ಮೊದಲು ಸೋಪನ್ನು ಮುಟ್ಟಲಿಲ್ಲ. ಅವನ ಪ್ರೀತಿಯ ಆ ಸುವಾಸನೆಯ ಸೋಪನ್ನೇ ಉಳಿಸಿಕೊಂಡು ನೀರು ಬದಲಿಸಿದೆವು: ಎಡಗೆನ್ನೆ, ಎಡಗತ್ತಿಗೆ ನಲ್ಲಿಯ ನೀರಿನ ನೊರೆ, ಬಲಕ್ಕೆ ಭಟ್ಟಿ ಇಳಿಸಿದ ನೀರಿನ ನೊರೆ. ಅದೇ ಬ್ರಷ್, ಅದೇ ಬ್ಲೇಡು. ವ್ಯತ್ಯಾಸ ಕಣ್ಣಿಗೇ ಕಾಣುವಂತಿತ್ತು. ಬಲಗಡೆಯ ನೊರೆ ಅರ್ಧದಷ್ಟು ಸೋಪಿನಲ್ಲೇ ಮೊಸರಿನ ಕೆನೆಯಂತೆ ಹೊಳಪಿನಿಂದ ಎದ್ದಿತು, ಬಟ್ಟಲಿನಲ್ಲಿ ಬೂದು ಬಳೆ ಬೀಳಲಿಲ್ಲ. ಸುಳಿ ಇರುವ ಬಲಗತ್ತು, ಅಂದರೆ ಹೆಚ್ಚು ಉರಿಯಬೇಕಾದ ಬದಿ, ಆ ದಿನಗಳಲ್ಲಿ ಎಡಕ್ಕಿಂತ ಕಡಿಮೆ ಉರಿಯಿತು.

ಆಮೇಲೆ ಎರಡೂ ಬದಿಗೆ ಒಳ್ಳೆಯ ನೀರು, ನೊರೆಗೆ ಹನಿಹನಿಯಾಗಿ ಹೆಚ್ಚು ನೀರು ಕುಡಿಸುವುದು, ಕೂದಲು ಮಲಗಿದ ದಿಕ್ಕಿಗೇ ರೇಜರ್ ಎಳೆಯುವುದು. ಕ್ಷೌರದ ಹೊತ್ತಿನ ಉರಿ ಬಹುಮಟ್ಟಿಗೆ ಇಳಿಯಿತು. ಕಿವಿಯ ಬುಡದ ತುರಿಕೆ ಮಾತ್ರ ಕದಲಲಿಲ್ಲ. ಎರಡು ತೊಂದರೆಗಳೆಂಬ ಅನುಮಾನ ಆಗ ನನಗೆ ಖಚಿತವಾಯಿತು.

ಮುಂದಿನ ಹೆಜ್ಜೆ ಪರಿಮಳವನ್ನು ಪೂರ್ತಿ ತೆಗೆಯುವುದು. ಕ್ಷೌರದ ಸೋಪಿನಿಂದ ಮಾತ್ರ ತೆಗೆದರೆ ಸಾಲದು ಎಂಬುದನ್ನು ಜನ ಮರೆಯುತ್ತಾರೆ. ಕ್ಷೌರದ ನಂತರ ಹಚ್ಚುವ ಬಾಮ್ ಚರ್ಮದ ಮೇಲೆ ದಿನವಿಡೀ ಉಳಿಯುತ್ತದೆ. ಸೋಪಿನ ನೊರೆ ನಿಲ್ಲುವುದು ಕೆಲವೇ ನಿಮಿಷ. ಅವನ ಬಾಮಿನ ಪಟ್ಟಿಯಲ್ಲೂ ಅದೇ ಲಿನಾಲೂಲ್, ಅದೇ ಲಿಮೋನೀನ್. ಮುಖ ತೊಳೆಯುವ ದ್ರವ, ಶಾಂಪೂ, ಕತ್ತಿಗೆ ಸಿಂಪಡಿಸಿಕೊಳ್ಳುತ್ತಿದ್ದ ಕೊಲೋನ್ ಎಲ್ಲವೂ ಮೂಲೆಗೆ ಹೋದವು. ಶಾಂಪೂ ತಲೆಗಲ್ಲವೇ ಎಂದು ಕೇಳಿದ. ತಲೆಯಿಂದ ಇಳಿಯುವಾಗ ಅದು ಕಿವಿಯ ಹಿಂದೆ, ದವಡೆಯ ಅಂಚಿನಲ್ಲೇ ಹರಿಯುತ್ತದೆ. ನಾನು ಮಾಡಿಕೊಟ್ಟ ಸಾದಾ ಬಿಲ್ಲೆ ಆ ಅವಧಿಯಲ್ಲಿ ಬಳಕೆಯಾಯಿತು: ಸ್ಟಿಯರಿಕ್ ಆಮ್ಲ ಹೆಚ್ಚು, ತೆಂಗಿನೆಣ್ಣೆ ಕಡಿಮೆ, ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ, ಮೇಲೆ ಗ್ಲಿಸರಿನ್, ಕ್ಷಾರಕ್ಕೆ ಸಿಗದೆ ಉಳಿಯುವಷ್ಟು ಚೂರು ಹೆಚ್ಚುವರಿ ಕೊಬ್ಬು. ಬೇರೇನೂ ಇಲ್ಲ. ವಾಸನೆ ಮೇಣದ ಬತ್ತಿಯದು ಎಂದು ಗೊಣಗಿದ, ಅದು ನಿಜವೇ.

ಕಿವಿಯ ಬುಡದ ಕೆಂಪು ಕೆಲವು ವಾರಗಳಲ್ಲಿ ಮಾಸಿತು. ಇಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಮಾಸಿದ್ದು ಕಾಕತಾಳೀಯವೂ ಇರಬಹುದು. ಹಳೆಯ ಸುವಾಸನೆಯ ಸೋಪಿನ ತೆಳು ನೊರೆಯನ್ನು ಮೊಣಕೈಯ ಒಳಮಡಿಕೆಯ ಹತ್ತಿರ ಒಂದೇ ಜಾಗದಲ್ಲಿ ದಿನಕ್ಕೆರಡು ಬಾರಿ ಹಚ್ಚಿ, ಕ್ಷೌರದಷ್ಟೇ ಹೊತ್ತು ಬಿಟ್ಟು ತೊಳೆಯಲು ಹೇಳಿದೆ. ಇನ್ನೊಂದು ಕೈಗೆ ಸಾದಾ ಸೋಪಿನದು. ಸೋಪನ್ನು ಹಚ್ಚಿ ಮೇಲೆ ಪಟ್ಟಿ ಅಂಟಿಸಿ ರಾತ್ರಿಯಿಡೀ ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬಾರದು. ಗಾಳಿಯಾಡದಂತೆ ಮುಚ್ಚಿದರೆ ಯಾವ ಸೋಪೂ ಯಾರ ಚರ್ಮವನ್ನೂ ಕೆಂಪಾಗಿಸುತ್ತದೆ, ಅದರಿಂದ ತಿಳಿಯುವುದು ಏನೂ ಇಲ್ಲ. ಮೊದಲ ಕೆಲವು ದಿನ ಎರಡೂ ಕೈ ತಣ್ಣಗಿದ್ದವು. ವಾರ ಕಳೆಯುವ ಹೊತ್ತಿಗೆ ಸುವಾಸನೆಯ ಕೈಯಲ್ಲಿ ತುರಿಸುವ ಸಣ್ಣ ಗುಳ್ಳೆಗಳು ಎದ್ದವು. ಸಾದಾ ಕೈಯಲ್ಲಿ ಏನೂ ಇಲ್ಲ.

ಇಷ್ಟಾದ ಮೇಲೆ ಚರ್ಮತಜ್ಞರ ಬಳಿ ಹೋಗಿಬರಲು ಒತ್ತಾಯಿಸಿದೆ. ಮನೆಯ ಪರೀಕ್ಷೆ ಸೋಪಿನತ್ತ ಬೆರಳು ತೋರಿಸಬಲ್ಲದು, ಸೋಪಿನೊಳಗಿನ ಯಾವ ವಸ್ತು ಎಂದು ಹೇಳಲಾರದು. ಹೆಸರು ತಿಳಿಯದೆ ಮುಂದಿನ ಡಬ್ಬಿ ಕೊಳ್ಳುವಾಗ ಮತ್ತೆ ಕತ್ತಲಲ್ಲಿ ಕಲ್ಲು ಎಸೆಯಬೇಕಾಗುತ್ತದೆ. ಪ್ಯಾಚ್ ಪರೀಕ್ಷೆಯಲ್ಲಿ ಶಂಕಿತ ವಸ್ತುಗಳನ್ನು ಲೆಕ್ಕದ ಪ್ರಮಾಣದಲ್ಲಿ ಬೆನ್ನಿಗೆ ಅಂಟಿಸಿ 48 ಗಂಟೆ ಬಿಡುತ್ತಾರೆ, ತೆಗೆದು ಒಮ್ಮೆ ನೋಡುತ್ತಾರೆ, 72 ಅಥವಾ 96 ಗಂಟೆಗೆ ಮತ್ತೊಮ್ಮೆ ನೋಡುತ್ತಾರೆ. ಎರಡನೆಯ ನೋಟ ತಪ್ಪಿಸಿಕೊಂಡರೆ ತಡವಾಗಿ ಏಳುವ ಉತ್ತರ ಕಾಣದೆ ಹೋಗಬಹುದು. ಅವನ ಬೆನ್ನು ಕೊಟ್ಟ ಉತ್ತರ ಸ್ಪಷ್ಟವಿತ್ತು: ಲಿನಾಲೂಲಿನ ಹೈಡ್ರೋಪೆರಾಕ್ಸೈಡ್. ಲಿಮೋನೀನ್ ನಿರಪರಾಧಿ. ಲ್ಯಾನೋಲಿನ್‌ಗೆ ಪ್ರತಿಕ್ರಿಯೆ ಇಲ್ಲ. ಮೀಥೈಲ್‌ಐಸೋಥಯಾಜೋಲಿನೋನ್ ಎಂಬ ಸಂರಕ್ಷಕಕ್ಕೂ ಇಲ್ಲ. ಕುರಿಯುಣ್ಣೆಯ ಕೊಬ್ಬಾದ ಲ್ಯಾನೋಲಿನ್ ಹಲವರಿಗೆ ಹಿತ, ಕೆಲವರಿಗೆ ಅಲರ್ಜಿ. ಆ ಸಂರಕ್ಷಕವೋ ಇನ್ನೂ ಕುಖ್ಯಾತ: ಚರ್ಮದ ಮೇಲೆ ಉಳಿಯುವ ಉತ್ಪನ್ನಗಳಲ್ಲಿ ಯುರೋಪ್ ಅದನ್ನು 2017ರಲ್ಲಿ ನಿಷೇಧಿಸಿದೆ.

ಕೊನೆಗೆ ಆಯ್ಕೆಯಾದದ್ದು

ನನ್ನ ಬಿಲ್ಲೆಯನ್ನೇ ಸದಾ ಮಾಡಿಕೊಡುವುದು ಇಬ್ಬರಿಗೂ ಬೇಡವಾಗಿತ್ತು. ಅಂಗಡಿಯಲ್ಲಿ ಸಿಗುವ ಗಟ್ಟಿ ಬಿಲ್ಲೆಗಳಲ್ಲೇ ಹುಡುಕಿದೆವು. ಗಟ್ಟಿ ಬಿಲ್ಲೆಗೆ ಒಲವು ತೋರಿದ್ದಕ್ಕೆ ಕಾರಣವಿದೆ: ನೀರಿನ ಅಂಶ ಹೆಚ್ಚಿರುವ ಕ್ರೀಮು, ಜೆಲ್‌ಗಳಿಗೆ ಸಾಮಾನ್ಯವಾಗಿ ಸಂರಕ್ಷಕ ಬೇಕು, ಒಣ ಬಿಲ್ಲೆಗೆ ಬೇಕಾಗುವುದು ಅಪರೂಪ. ಪಟ್ಟಿಯಲ್ಲಿ ಒಂದು ಹೆಸರು ಕಡಿಮೆಯಾದರೆ ಅನುಮಾನಿಸಬೇಕಾದದ್ದೂ ಒಂದು ಕಡಿಮೆ. ಪ್ರಾಣಿಜನ್ಯ ಕೊಬ್ಬೋ ಸಸ್ಯದ್ದೋ ಎಂಬ ಬಿಸಿಬಿಸಿ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ. ಎರಡರಿಂದಲೂ ಒಳ್ಳೆಯ ಸ್ಟಿಯರೇಟ್ ಬರುತ್ತದೆ, ಚರ್ಮಕ್ಕೆ ಅದರ ಜಾತಕ ಬೇಕಿಲ್ಲ. ತಿನ್ನುವ, ಉಡುವ ವಿಷಯದಲ್ಲಿ ನಂಬಿಕೆಗಳಿರುವವರು ತಮ್ಮ ನಂಬಿಕೆಯಂತೆ ಆರಿಸಿಕೊಳ್ಳಲಿ.

ಅವನು ಕೊಂಡ ಬಿಲ್ಲೆಯ ಪಟ್ಟಿ ಎರಡು ಸಾಲಿಗೆ ಮುಗಿಯುತ್ತದೆ. ಪೊಟ್ಯಾಸಿಯಂ ಸ್ಟಿಯರೇಟ್ ಮೊದಲು, ಸೋಡಿಯಂ ಸ್ಟಿಯರೇಟ್ ಆಮೇಲೆ, ತೆಂಗಿನೆಣ್ಣೆಯದು ಮೂರನೆಯ ಸ್ಥಾನ, ಗ್ಲಿಸರಿನ್, ಶಿಯಾ ಬೆಣ್ಣೆ, ಇಡಿಟಿಎ. ಪರ್ಫ್ಯೂಮ್ ಇಲ್ಲ, ಸಾರಭೂತ ತೈಲವಿಲ್ಲ, ಮೆಂಥಾಲ್ ಇಲ್ಲ. ಇಡಿಟಿಎ ಇರುವುದರಿಂದ ನಲ್ಲಿಯ ನೀರಿಗೂ ಸ್ವಲ್ಪ ತಡೆದುಕೊಳ್ಳುತ್ತದೆ, ಆದರೂ ನೊರೆಗೆ ಅವನು ಶೋಧಿಸಿದ ನೀರನ್ನೇ ಬಳಸುತ್ತಾನೆ. ಬೇಕಾಗುವುದು ಒಂದು ಲೋಟವೂ ಅಲ್ಲ. ಹಂದಿಗೂದಲಿನ ಒರಟು ಬ್ರಷ್ ಹೋಗಿ ಮೆತ್ತನೆಯ ಕೃತಕ ಎಳೆಯ ಬ್ರಷ್ ಬಂದಿದೆ, ಏಕೆಂದರೆ ಅವನು ಉಜ್ಜುವ ರಭಸಕ್ಕೆ ಒರಟು ಕೂದಲೇ ಅರ್ಧ ಚರ್ಮ ಕೀಳುತ್ತಿತ್ತು. ಬಾಮಿನ ಬದಲು ಪರಿಮಳವಿಲ್ಲದ ಸಾದಾ ಮಾಯಿಶ್ಚರೈಸರ್. ಕೊಲೋನ್ ಬಿಡಲು ಒಪ್ಪಲಿಲ್ಲ; ಲಿನಾಲೂಲ್ ಇಲ್ಲದ್ದನ್ನು ಹುಡುಕಿ, ಚರ್ಮಕ್ಕೆ ತಾಗದಂತೆ ಬಟ್ಟೆಗೆ ಹಾಕಿಕೊಳ್ಳುತ್ತಾನೆ. ಲಿಮೋನೀನ್ ತನಗೆ ತೊಂದರೆ ಮಾಡುವುದಿಲ್ಲ ಎಂದು ತಿಳಿದ ಮೇಲೆ ಕಿತ್ತಳೆಯ ಪರಿಮಳದ ಒಂದು ಸೋಪು ಕೊಳ್ಳಬಹುದೇ ಎಂದು ಕೇಳಿದ. ಸಿಟ್ರಸ್ ತೈಲಗಳಲ್ಲಿ ಲಿನಾಲೂಲ್ ಕೂಡ ಸ್ವಲ್ಪ ಇರುವುದು ಸಾಮಾನ್ಯ, ಪಟ್ಟಿ ನೋಡದೆ ಮುಟ್ಟಬೇಡ ಎಂದೆ.

ಸೋಪುಗಳ ಸೂತ್ರ ಹೆಸರು ಬದಲಾಗದೆಯೇ ಬದಲಾಗುವುದುಂಟು. ಹೊಸ ಬಿಲ್ಲೆ ತಂದಾಗಲೆಲ್ಲ ಹಿಂಬದಿಯ ಪಟ್ಟಿಯನ್ನು ಹಳೆಯ ಹೊದಿಕೆಯ ಪಕ್ಕ ಇಟ್ಟು ಓದುವುದು ಈಗ ಅವನ ಅಭ್ಯಾಸ. ಬಲಗತ್ತಿನ ಸುಳಿಯಲ್ಲಿ ಇಂದಿಗೂ ಒಮ್ಮೊಮ್ಮೆ ಎರಡು ಮೂರು ಕೆಂಪು ಚುಕ್ಕಿ ಏಳುತ್ತವೆ, ಹೆಚ್ಚಾಗಿ ಬ್ಲೇಡು ಹಳೆಯದಾದಾಗ ಅಥವಾ ತಡವಾಗಿ ಎದ್ದು ಅವಸರ ಮಾಡಿದಾಗ. ಅಂಥ ದಿನಗಳಲ್ಲಿ ಆ ರೂಪಾಯಿಯಗಲದ ಜಾಗವನ್ನು ಹಾಗೆಯೇ ಬಿಟ್ಟು ಉಳಿದದ್ದನ್ನು ಬೋಳಿಸಿಕೊಂಡು ಹೋಗುತ್ತಾನೆ. ಇದುವರೆಗೆ ಕಚೇರಿಯಲ್ಲಿ ಯಾರೂ ಗಮನಿಸಿದಂತಿಲ್ಲ.